ಬಾಗಿಲಿಗೆ ಕಣ್ಣು ಬಂದ ಮೇಲೆ



ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ನಮಗೊಂದು ಅಪ್ಪಣೆ ಕೊಡಿಸಿದರು. ‘ಜತ್ತ, ಅಕ್ಕಲಕೋಟ, ಸೊಲ್ಲಾಪುರದ ಕಡೆಯ ಭಕ್ತರು ಮನೆಯ ಬಾಗಿಲಿಗೆ ಕ್ಯಾಮೆರಾ ಇರುವ ಗಂಟೆ ಹಾಕಿಸುತ್ತಿದ್ದಾರೆ. ಹಾಕಿಸುವುದು ಸರಿಯೋ ತಪ್ಪೋ ಎಂದು ನಮ್ಮನ್ನು ಕೇಳುತ್ತಾರೆ. ಕಾರ್ಯದರ್ಶಿಗಳು ತಮ್ಮ ಮನೆಗೂ ಹಾಕಿಸಿದ್ದಾರಂತೆ. ಅವರೇ ನಾಲ್ಕು ಮಾತು ಹೇಳಲಿ’ ಎಂದರು. ನಾವು ಬಿ.ಕಾಂ. ಓದಿ ಮಠದ ಲೆಕ್ಕಪತ್ರ ನೋಡಿಕೊಂಡು ಇರುವವರು, ಪ್ರವಚನಕಾರರಲ್ಲ. ಆದರೂ ಗುರುವಿನ ಅಪ್ಪಣೆ ಮೀರುವಂತಿಲ್ಲ. ಅಂದು ಆಡಿದ ಮಾತುಗಳನ್ನು ಗೋಷ್ಠಿಗೆ ಬರಲಾಗದ ಭಕ್ತರಿಗಾಗಿ ಇಲ್ಲಿ ಬರೆದಿದ್ದೇವೆ.

ಮೊದಲು ಈ ಯಂತ್ರವೆಂದರೆ ಏನು ಎಂಬುದನ್ನು ತಿಳಿಯೋಣ. ನೋಡಲಿಕ್ಕೆ ಅಂಗೈಯಗಲದ ಒಂದು ಡಬ್ಬಿ. ಅದರಲ್ಲಿ ಒಂದು ಗುಂಡಿ, ಮೇಲೆ ಒಂದು ಗಾಜಿನ ಕಣ್ಣು, ಒಳಗೆ ಸಣ್ಣ ಮೈಕು ಮತ್ತು ಸ್ಪೀಕರು. ಗುಂಡಿ ಒತ್ತಿದರೆ ಒಳಗೆ ಗಂಟೆ ಬಾರಿಸುವುದರ ಜೊತೆಗೆ ಯಜಮಾನನ ಮೊಬೈಲಿಗೂ ಸುದ್ದಿ ಹೋಗುತ್ತದೆ. ಯಜಮಾನ ಹೊಲದಲ್ಲಿರಲಿ, ಪುಣೆಯಲ್ಲಿರಲಿ, ಬಾಗಿಲಲ್ಲಿ ನಿಂತವರ ಮುಖ ನೋಡಿ ಮಾತಾಡಬಹುದು. ಗುಂಡಿ ಒತ್ತದಿದ್ದರೂ, ಮನುಷ್ಯನ ಮೈಯ ಶಾಖ ಹತ್ತಿರ ಸುಳಿದರೆ ಸಾಕು, ಅದನ್ನು ಗುರುತಿಸಿ ತಾನಾಗಿ ಚಿತ್ರ ಹಿಡಿಯುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿಗೆ ಕಾಣದ ಕೆಳಗೆಂಪು ಬೆಳಕು ಬಿಟ್ಟು ನೋಡುತ್ತದೆ. ಚಿತ್ರವನ್ನು ಒಳಗಿನ ಚಿಪ್ಪಿನಲ್ಲೋ, ಕಂಪನಿಯ ದೂರದ ಕಂಪ್ಯೂಟರಿನಲ್ಲೋ ಕೂಡಿಡುತ್ತದೆ. ಮನೆಯ ವೈಫೈ ಇಲ್ಲದಿದ್ದರೆ ಮಾತ್ರ ದೂರದಲ್ಲಿರುವ ನಮಗೆ ಸುದ್ದಿ ಮುಟ್ಟಿಸಲಾರದು. ನಮ್ಮ ಕಡೆ ಕರೆಂಟು ಹೋದಾಗ ಎಷ್ಟೋ ಸಲ ಹಾಗೆಯೇ ಆಗುತ್ತದೆ.

ಇದು ಶ್ರೀಮಂತರ ಶೋಕಿಯಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಅಮೇರಿಕಾದ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಜನಾಂಗದ ತಾಯಿ ಇದ್ದಳು. ಕಾಯಕ ದಾದಿಯದು. ಗಂಡನೂ ಹೊತ್ತುಗೊತ್ತಿಲ್ಲದೆ ದುಡಿಯಲು ಹೋಗುವವನು. ಓಣಿಯಲ್ಲಿ ಕಳ್ಳಕಾಕರ ಕಾಟ. ಕರೆದರೆ ಪೋಲೀಸರು ಬರುವುದು ತಡ. ಆಕೆ ಗಂಡನ ನೆರವಿನಿಂದ, ಬಾಗಿಲ ತೂತುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ ಇಟ್ಟು, ಒಳಗಿನ ಪರದೆಯ ಮೇಲೆ ಹೊರಗಿನವರನ್ನು ನೋಡಿ ಮಾತಾಡುವ ವ್ಯವಸ್ಥೆ ಮಾಡಿದಳು. 1966ರಲ್ಲಿ ಅರ್ಜಿ ಹಾಕಿ 1969ರ ಡಿಸೆಂಬರಿನಲ್ಲಿ ಪೇಟೆಂಟು ಪಡೆದರು. ಒಬ್ಬಂಟಿ ಹೆಣ್ಣುಮಗಳ ಭಯವೇ ಈ ಯಂತ್ರದ ತಾಯಿ. ಆದ್ದರಿಂದ ಇದನ್ನು ಹಾಕಿಸುವವರನ್ನು ನಾವು ಹಗುರವಾಗಿ ಕಾಣಬಾರದು.

ನಮ್ಮ ಮನೆಗೂ ಇದು ಬಂದದ್ದು ಭಯದಿಂದಲೇ. ನಮ್ಮ ಓಣಿಯ ದ್ರಾಕ್ಷಿ ಬೆಳೆಗಾರರೊಬ್ಬರು ಮಣೂಕ ಮಾರಿದ ರೊಕ್ಕ ತಂದು ಮನೆಯಲ್ಲಿಟ್ಟಿದ್ದರು. ಮನೆಯವರೆಲ್ಲ ತೋಟಕ್ಕೆ ಹೋದ ಹಗಲು ಹೊತ್ತಿನಲ್ಲಿ ಬಾಗಿಲು ಮುರಿದು ಒಯ್ದರು. ನಮ್ಮ ತಾಯಿಯವರು ಎಪ್ಪತ್ತು ದಾಟಿದವರು. ನಾವು ಮಠಕ್ಕೆ, ಮನೆಯವರು ಶಾಲೆಯ ನೌಕರಿಗೆ ಹೋದರೆ ಒಬ್ಬರೇ ಇರುತ್ತಾರೆ. ಪುಣೆಯಲ್ಲಿರುವ ತಮ್ಮ ಹೆದರಿ ಈ ಗಂಟೆ ಕಳಿಸಿದ. ಊರಿನ ಎಲೆಕ್ಟ್ರಿಕ್ ಕೆಲಸದ ಹುಡುಗ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟ.

ಉಪಕಾರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಮಧ್ಯಾಹ್ನ ಮೀಟರು ನೋಡುವವನೆಂದು ಹೇಳಿಕೊಂಡು ಒಬ್ಬ ಬಂದ. ನಾವು ಮಠದಿಂದಲೇ ಮೊಬೈಲಿನಲ್ಲಿ ಅವನ ಗುರುತಿನ ಚೀಟಿ ಕೇಳಿದೆವು. ತೋರಿಸದೆ ತಿರುಗಿ ಹೋದ. ಆ ದಿನ ನಾವು ಈ ಯಂತ್ರಕ್ಕೆ ಮನಸ್ಸಿನಲ್ಲಿಯೇ ಶರಣು ಅಂದೆವು.

ಆದರೆ ಲೆಕ್ಕದ ಪುಸ್ತಕಕ್ಕೆ ಎರಡು ಬದಿ ಇರುತ್ತವೆ. ಜಮೆ ಬರೆದ ಮೇಲೆ ಖರ್ಚನ್ನೂ ಬರೆಯಬೇಕು.

ಯಂತ್ರ ಹಾಕಿಸಿದ ಹೊಸತರಲ್ಲಿ ನಮಗೆ ಅದೊಂದು ಆಟವಾಗಿತ್ತು. ಯಾರೋ ಒಬ್ಬ ಮುದುಕ ಭಿಕ್ಷೆಗೆ ಬಂದು, ಎಲ್ಲಿಂದ ಮಾತು ಬರುತ್ತದೆಂದು ತಿಳಿಯದೆ ಗೋಡೆಗೆ ಕೈಮುಗಿದ ಚಿತ್ರ ಅದರಲ್ಲಿ ಬಿದ್ದಿತ್ತು. ಅದನ್ನು ನಾವು ಪೇಟೆಯಲ್ಲಿ ಪರಿಚಯದವರ ಅಂಗಡಿಯಲ್ಲಿ ಕುಳಿತು ನಾಲ್ಕು ಜನಕ್ಕೆ ತೋರಿಸಿದೆವು. ಎಲ್ಲರೂ ನಕ್ಕರು. ನಾವೂ ನಕ್ಕೆವು. ನಮ್ಮ ಹೊಲದಲ್ಲಿ ಹತ್ತು ವರ್ಷದಿಂದ ದುಡಿಯುವ ಒಬ್ಬ ಗೃಹಸ್ಥರು ಅಂದು ಅದೇ ಅಂಗಡಿಗೆ ಎಣ್ಣೆ ಕೊಳ್ಳಲು ಬಂದು ನಿಂತಿದ್ದರು. ಅವರು ನಕ್ಕರೋ ಇಲ್ಲವೋ ನಾವು ನೋಡಲಿಲ್ಲ.

ಮುಂದೆ ಆಷಾಢದ ಒಂದು ಮಳೆಯ ರಾತ್ರಿ. ಬೆಳಿಗ್ಗೆ ಎದ್ದು ಮೊಬೈಲು ನೋಡಿದರೆ, ರಾತ್ರಿ ಒಂದೂವರೆ ಗಂಟೆಗೆ ಬಾಗಿಲಲ್ಲಿ ಯಾರೋ ಬಂದಿದ್ದರೆಂಬ ಗುರುತು. ಒತ್ತಿ ನೋಡಿದೆವು. ಅದೇ ಗೃಹಸ್ಥರು. ತಲೆಯ ಮೇಲೆ ಗೋಣಿಯ ಕೊಪ್ಪೆ. ಮೆಟ್ಟಿಲು ಹತ್ತಿ ಬಂದು ಗಂಟೆಯ ಕಡೆಗೆ ಕೈ ಎತ್ತಿದರು. ಕೈ ಹತ್ತಿರ ಬಂದೊಡನೆ ಯಂತ್ರದ ದೀಪ ಹೊತ್ತಿತು. ಎತ್ತಿದ ಕೈ ಅಲ್ಲಿಯೇ ನಿಂತಿತು. ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು, ಗಂಟೆ ಒತ್ತದೆ ಇಳಿದು ಹೋದರು. ನಾವು ಇಪ್ಪತ್ತು ಹೆಜ್ಜೆ ಒಳಗೆ ಮಲಗಿದ್ದೆವು.

ಹೋಗಿ ವಿಚಾರಿಸಿದರೆ, ಮಗುವಿಗೆ ವಾಂತಿಭೇದಿ ಹತ್ತಿ ಕೈ ಮೀರಿತ್ತು. ದವಾಖಾನೆಗೆ ಒಯ್ಯಲು ಗಾಡಿ, ರೊಕ್ಕ ಕೇಳಲು ಬಂದಿದ್ದರು. ನಮ್ಮಲ್ಲಿಂದ ಹೋಗಿ ಮತ್ತೊಂದು ಓಣಿಯ ಬಾಗಿಲು ಬಡಿದರು. ಅವರು ಎದ್ದು ಬಂದು ತಮ್ಮ ಮೋಟಾರು ಸೈಕಲ್ಲಿನಲ್ಲಿ ಒಯ್ದು ಸಲಾಯಿನ್ ಹಚ್ಚಿಸಿದರು. ಶಿವನ ದಯೆ, ಮಗು ಉಳಿಯಿತು. ‘ನಮ್ಮ ಗಂಟೆ ಯಾಕೆ ಒತ್ತಲಿಲ್ಲ?’ ಎಂದು ಕೇಳಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿಮ್ಮ ಮುಂದ ಕೈ ಒಡ್ಡೂದು ಬ್ಯಾರೆ, ಸರ. ಅದರ ಮುಂದ ಒಡ್ಡಿದ್ರ ಅದು ಅದರಾಗ ಉಳೀತದ. ನಾಳೆ ಅಂಗಡ್ಯಾಗ ಯಾರ್ಯಾರು ನೋಡ್ತಾರೋ’ ಎಂದರು.

ಶರಣಬಂಧುಗಳೇ, ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು ತಾಯಿಯವರಿಗೆ ಹೇಳಿದೆವು. ಅವರು ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದವರು ಹಾಗೆಯೇ ಕುಳಿತು, ‘ಬಾಗಲಕ್ಕ ಕಣ್ಣು ಇಟ್ಟೀರಿ, ಕಿವಿ ಇಟ್ಟೀರಿ. ಬಾ, ಕುಂಡ್ರು ಅನ್ನೂ ಬಾಯಿ ಎಲ್ಲಿ ಇಟ್ಟೀರಿ?’ ಎಂದರು.

ನಮ್ಮ ಧರ್ಮ ಬೆಳೆದದ್ದೇ ತೆರೆದ ಬಾಗಿಲಿನಿಂದ. ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಮಹಾಮನೆ ಎಂದು ಹೆಸರಾದದ್ದು ಅದರ ಗೋಡೆ ದೊಡ್ಡದೆಂದಲ್ಲ, ಬಂದವರಿಗೆಲ್ಲ ಅಲ್ಲಿ ಎಡೆ ಇತ್ತೆಂದು. ನಮ್ಮ ಸೀಮೆಯ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು. ಕೆರೆಗೆ ಇಳಿಯುವವನ ದಾಹವನ್ನು ನೀರು ಕೇಳುತ್ತದೆಯೇ ಹೊರತು ಹೆಸರು, ಊರು, ಬಂದ ಹೊತ್ತು ಬರೆದುಕೊಳ್ಳುವುದಿಲ್ಲ. ದಾಸೋಹವೆಂದರೆ ಅದೇ. ಕೊಡುವವನ ಕೈ ಕೆಳಗಿರಬೇಕು, ಬೇಡುವವನ ಮಾನ ಮೇಲಿರಬೇಕು. ಬಂದವನ ಬಡತನವನ್ನು ಚಿತ್ರ ಹಿಡಿದಿಟ್ಟುಕೊಂಡು ಕೊಟ್ಟರೆ ಅದು ದಾನವಾದೀತು, ದಾಸೋಹವಾಗಲಾರದು.

ಇನ್ನೊಂದು ಮಾತು ನಮ್ಮ ವೃತ್ತಿಗೆ ಸೇರಿದ್ದು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರಾಗಿದ್ದರು. ಆ ಮಂಗಳವಾಡವೇ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ನಮ್ಮಲ್ಲಿ ಹಲವರಿಗೆ ಸಂತೆಯ ಊರು. ಭಂಡಾರದ ಹಣ ಜಂಗಮರಿಗೆ ಸುರಿಯುತ್ತಾರೆಂದು ಅಸೂಯೆಪಟ್ಟವರು ದೂರು ಕೊಟ್ಟಾಗ, ಅವರು ಲೆಕ್ಕ ತೆರೆದಿಟ್ಟರು, ಒಂದು ಕಾಸೂ ಕಡಿಮೆ ಬರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಇಲ್ಲಿ ಎರಡು ಬಗೆಯ ನೋಟಗಳಿವೆ. ತನ್ನ ಲೆಕ್ಕವನ್ನು ತಾನೇ ಇನ್ನೊಬ್ಬರ ಮುಂದೆ ತೆರೆದಿಡುವುದು ಒಂದು. ತಾನು ಮರೆಯಲ್ಲಿದ್ದು ಇನ್ನೊಬ್ಬರ ಲೆಕ್ಕ ಬರೆಯುವುದು ಇನ್ನೊಂದು. ಮೊದಲನೆಯದು ಸದಾಚಾರ. ಎರಡನೆಯದು ಎಚ್ಚರ ತಪ್ಪಿದರೆ ಅಹಂಕಾರವಾಗುತ್ತದೆ.

ನೋಡುವ ನಮ್ಮನ್ನೂ ನೋಡುವವರಿದ್ದಾರೆ ಎಂಬುದನ್ನು ಮರೆಯಬಾರದು. ಈ ಗಂಟೆಗಳನ್ನು ಲೋಕದಲ್ಲೆಲ್ಲ ಹೆಸರು ಮಾಡಿದ ರಿಂಗ್ ಎಂಬ ಕಂಪನಿಯನ್ನು ಅಮೆಜಾನ್ 2018ರಲ್ಲಿ ಕೊಂಡಿತು. ಗಿರಾಕಿಗಳ ಖಾಸಗಿ ಚಿತ್ರಗಳನ್ನು ನೌಕರರು ನೋಡಲು ಬಿಟ್ಟಿತ್ತೆಂದು 2023ರಲ್ಲಿ ಅಮೇರಿಕಾದ ವ್ಯಾಪಾರ ಆಯೋಗ ಅದರ ಮೇಲೆ ಆರೋಪ ಹೊರಿಸಿ, 58 ಲಕ್ಷ ಡಾಲರು ತೆರುವ ಒಪ್ಪಂದಕ್ಕೆ ತಂದಿತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಕೋರ್ಟು 2021ರಲ್ಲಿ, ಇಂಥ ಕ್ಯಾಮೆರಾಗಳಿಂದ ನೆರೆಮನೆಯ ಹೆಣ್ಣುಮಗಳ ಖಾಸಗಿತನಕ್ಕೆ ಧಕ್ಕೆಯಾಯಿತೆಂದು ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿಯೂ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಬಾಗಿಲಿಗೆ ಬಂದ ಬಡವನಿಗೂ ಆ ಮಾನ ಇದೆ.

ಹಾಗಾದರೆ ಕಿತ್ತು ಒಗೆಯಬೇಕೇ? ಪೂಜ್ಯರನ್ನು ಕೇಳಿದೆವು. ‘ಕೀಲಿ ಹಾಕುವುದು ತಪ್ಪಲ್ಲ, ಕೀಲಿಯನ್ನು ಮನಸ್ಸಿಗೆ ಹಾಕುವುದು ತಪ್ಪು’ ಎಂದರು. ಆ ಮಾತಿನ ಬೆಳಕಿನಲ್ಲಿ ಭಕ್ತರಿಗೆ ಕೆಲವು ವಿನಂತಿಗಳು.

ಒಂದನೆಯದು, ಕಣ್ಣು ನಿಮ್ಮ ಹೊಸ್ತಿಲನ್ನು ಮಾತ್ರ ನೋಡಲಿ. ನೆರೆಯವರ ಅಂಗಳ, ಹೆಣ್ಣುಮಕ್ಕಳು ನೀರು ತುಂಬುವ ನಲ್ಲಿ, ಎದುರುಮನೆಯ ಬಾಗಿಲು ಅದರಲ್ಲಿ ಬೀಳದಂತೆ ತಿರುಗಿಸಿ ಹಾಕಿಸಿರಿ. ಹಾಕಿಸುವ ಮುನ್ನ ನೆರೆಯವರಿಗೆ ಒಂದು ಮಾತು ತಿಳಿಸಿರಿ.

ಎರಡನೆಯದು, ಕ್ಯಾಮೆರಾ ಇದೆಯೆಂದು ಎದ್ದು ಕಾಣುವಂತೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ಹಾಕಿರಿ. ಕದ್ದು ನೋಡುವುದು ಕಳವಿನ ತಮ್ಮ.

ಮೂರನೆಯದು, ಗುಪ್ತಪದವನ್ನು ಕಂಪನಿ ಕೊಟ್ಟಂತೆಯೇ ಬಿಡಬೇಡಿರಿ. ಬೇರೆ ಎಲ್ಲಿಯೂ ಬಳಸದ, ಉದ್ದನೆಯ ಪದ ಇಡಿರಿ. ಮೊಬೈಲಿಗೆ ಎರಡನೆಯ ಸಂಖ್ಯೆ ಬಂದ ಮೇಲೆ ತೆರೆಯುವ ವ್ಯವಸ್ಥೆ ಇದ್ದರೆ ಅದನ್ನು ಹಾಕಿಕೊಳ್ಳಿರಿ. ಬೇಡವಾದ ಚಿತ್ರಗಳನ್ನು ಆಗಾಗ ಅಳಿಸಿರಿ. ಕಳವಾದರೆ ಮಾತ್ರ ಮೂಲ ಚಿತ್ರವನ್ನು ಹಾಗೆಯೇ ಇಟ್ಟು ಪೋಲೀಸರಿಗೆ ಒಪ್ಪಿಸಿರಿ.

ನಾಲ್ಕನೆಯದು, ಯಾರ ಚಿತ್ರವನ್ನೂ ವಾಟ್ಸಾಪಿಗೆ ಹಾಕಬೇಡಿರಿ, ಅಂಗಡಿಯಲ್ಲಿ ತೋರಿಸಬೇಡಿರಿ. ಈ ಪಾಪ ಮಾಡಿದವರು ನಾವು. ಅದಕ್ಕೇ ಕೈಮುಗಿದು ಹೇಳುತ್ತೇವೆ.

ಐದನೆಯದು, ಸೊಸೆ ಎಷ್ಟು ಹೊತ್ತಿಗೆ ಹೊರಗೆ ಹೋದಳು, ಯಾರೊಡನೆ ಮಾತಾಡಿದಳು ಎಂದು ಎಣಿಸಲು ಇದನ್ನು ಬಳಸಬೇಡಿರಿ. ಮನೆಯವರ ಮೇಲೆ ನಂಬಿಗೆ ಇಲ್ಲದ ಮನೆಗೆ ಯಾವ ಕಾವಲೂ ಸಾಲದು.

ಆರನೆಯದು, ಗಂಟೆ ಬಾರಿಸಿದರೆ, ಮನೆಯಲ್ಲಿ ಇದ್ದವರು ಮೊಬೈಲಿನಿಂದ ಮಾತಾಡದೆ ಎದ್ದು ಹೋಗಿ ಬಾಗಿಲು ತೆರೆಯಿರಿ. ಅಪರಿಚಿತರಾದರೆ ಸರಪಳಿ ಹಾಕಿಯೇ ತೆರೆಯಿರಿ. ಒಂದು ತಂಬಿಗೆ ನೀರು ಮೊಬೈಲಿನಿಂದ ಕೊಡಲಿಕ್ಕೆ ಬರುವುದಿಲ್ಲ.

ನಾವು ಲಿಂಗವನ್ನು ಎದೆಯ ಮೇಲೆ ಧರಿಸುವವರು. ಬೆಳಿಗ್ಗೆ ಎಡಗೈಯ ಮೇಲೆ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂಡುವವರು. ನಾವು ನೋಡುತ್ತೇವೆ ಎಂದುಕೊಳ್ಳುತ್ತೇವೆ. ಅಲ್ಲಿ ನೋಡಿಸಿಕೊಳ್ಳುವವರು ನಾವೇ. ಆ ಸಾಕ್ಷಿಗೆ ಕರೆಂಟು ಬೇಡ, ಅದು ಅಂಗಡಿಯಲ್ಲಿ ನಮ್ಮ ಮಾನ ಕಳೆಯುವುದೂ ಇಲ್ಲ. ಬಾಗಿಲ ಕಣ್ಣು ಹಾಕಿಸುವವರು ಆ ಕಣ್ಣನ್ನು ಮುಚ್ಚದಿರಲಿ.

ನಮ್ಮ ಮನೆಯ ಯಂತ್ರ ಇನ್ನೂ ಇದೆ, ತಾಯಿಯವರ ರಕ್ಷಣೆಗಾಗಿ. ಹಳೆಯ ಚಿತ್ರಗಳನ್ನೆಲ್ಲ ಅಳಿಸಿದ್ದೇವೆ. ಆ ಮುದುಕನ ಚಿತ್ರ ತೋರಿಸಿದ ಅಂಗಡಿಗೆ ಹೋಗಿ, ಅದೇ ಕಟ್ಟೆಯ ಮೇಲೆ ಕುಳಿತು ತಪ್ಪಾಯಿತೆಂದು ಹೇಳಿ ಬಂದಿದ್ದೇವೆ. ಹಿತ್ತಲ ಕಡೆಯ ಕೊಟ್ಟಿಗೆಯ ಬಾಗಿಲಿಗೆ ಕ್ಯಾಮೆರಾ ಇಲ್ಲ. ಅಲ್ಲಿ ರಾತ್ರಿಯಿಡೀ ಒಂದು ದೀಪ ಉರಿಯುತ್ತದೆ, ಒಂದು ಹಿತ್ತಾಳೆಯ ಗಂಟೆ ತೂಗುಹಾಕಿದ್ದೇವೆ. ಯಾವ ಹೊತ್ತಿನಲ್ಲಾದರೂ ಬಾರಿಸಿರಿ ಎಂದು ಆ ಗೃಹಸ್ಥರಿಗೆ ಮನೆಗೆ ಹೋಗಿ ಹೇಳಿದ್ದೇವೆ. ಅವರು ತಲೆಯಾಡಿಸಿದ್ದಾರೆ. ಹೊಲಕ್ಕೆ ಬರುತ್ತಾರೆ, ಮೊದಲಿನಂತೆ ದುಡಿಯುತ್ತಾರೆ. ನಮ್ಮ ಹೊಸ್ತಿಲಿಗೆ ಮಾತ್ರ ಇನ್ನೂ ಬಂದಿಲ್ಲ. ಅವರು ಬಂದು ಪಡಸಾಲೆಯಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವ ತನಕ ಈ ಲೆಕ್ಕ ನಮ್ಮ ಪುಸ್ತಕದಲ್ಲಿ ಬಾಕಿಯೇ.

ನಿಮ್ಮ ಬಾಗಿಲಿನಲ್ಲಿ ಅಂಥ ಬಾಕಿ ಉಳಿಯದಿರಲಿ ಎಂದು ಗುರುಬಸವನಲ್ಲಿ ಬೇಡಿಕೊಂಡು ಮಾತು ಮುಗಿಸುತ್ತೇವೆ.



ಕಾರ್ಯದರ್ಶಿ, ಶ್ರೀಮಠ