ನಿಕ್ಷೇಪಧರ್ಮ

ತಂದೆಯ ಹೊಲಮನೆಗಳಿಗೆ ಮಗನು ವಾರಸುದಾರನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ತಂದೆಯು ಅನೇಕರಿಗೆ ಗುರುವಾಗಿದ್ದ ಪಕ್ಷದಲ್ಲಿ, ಆತನ ಕೈಬರೆಹಗಳಿಗೂ ಮಗನೊಬ್ಬನೇ ಒಡೆಯನೋ? ಇದನ್ನು ಒಂದು ನಿದರ್ಶನದ ಮೂಲಕ ವಿಚಾರಿಸೋಣ.

ಅಮೇರಿಕದ ಮೇನ್ ಪ್ರಾಂತದ ಬೆಲ್‌ಫಾಸ್ಟ್ ಊರಿನಲ್ಲಿ ಫಿನಿಯಸ್ ಕ್ವಿಂಬಿ (1802–1866) ಎಂಬ ಗಡಿಯಾರದ ಕಸಬಿನವನಿದ್ದನು. ಆತನು ಮೊದಲು ಮೆಸ್ಮರಿಸಂ ಎಂಬ ವಶೀಕರಣವಿದ್ಯೆಯನ್ನು ಅಭ್ಯಾಸಮಾಡಿ, ಬಳಿಕ ಅದನ್ನು ತೊರೆದು, ರೋಗಕ್ಕೆ ಮೂಲವು ಮನಸ್ಸಿನ ತಪ್ಪು ನಂಬಿಕೆಯೆಂದು ನಿಶ್ಚಯಿಸಿ, ರೋಗಿಯ ಬಳಿ ಕುಳಿತು ಮಾತಿನಿಂದಲೇ ಚಿಕಿತ್ಸೆ ಮಾಡತೊಡಗಿದನು. ಆ ಮತವು ಸಕಲ ರೋಗಗಳಿಗೂ ಸಲ್ಲುವುದೆಂದು ನಾನು ಹೇಳೆನು. ಇಲ್ಲಿಯ ವಿಚಾರ ಅದಲ್ಲ. ಶಾಲೆಯ ಓದು ಅಷ್ಟಾಗಿ ಇಲ್ಲದ ಆತನ ಬರೆವಣಿಗೆಯನ್ನು, ರೋಗಿಗಳಾಗಿ ಬಂದು ಶಿಷ್ಯರಾದ ವೇರ್ ಸೋದರಿಯರೂ ಮಗ ಜಾರ್ಜನೂ ಕಾಗುಣಿತ ತಿದ್ದಿ ಪ್ರತಿಮಾಡಿದರು. 1862ರಲ್ಲಿ ಪೋರ್ಟ್‌ಲೆಂಡಿನಲ್ಲಿ ಆತನಿಂದ ಚಿಕಿತ್ಸೆ ಪಡೆದ ಸ್ತ್ರೀಯೊಬ್ಬಳೇ ಮುಂದೆ ಕ್ರಿಶ್ಚಿಯನ್ ಸೈನ್ಸ್ ಮತವನ್ನು ಸ್ಥಾಪಿಸಿದ ಮೇರಿ ಬೇಕರ್ ಎಡ್ಡಿ.

ಎಡ್ಡಿಯ ಉಪದೇಶವೆಲ್ಲ ಕ್ವಿಂಬಿಯದೇ ಎಂದು ಕೆಲವರೂ, ಅದು ಸ್ವತಂತ್ರ ದರ್ಶನವೆಂದು ಆಕೆಯ ಅನುಯಾಯಿಗಳೂ ವಾದಿಸಿದರು. 1883ರಲ್ಲಿ ವಾದವು ನ್ಯಾಯಸ್ಥಾನವನ್ನು ಮುಟ್ಟಿತು. ಆಕೆಯ ಬರೆಹವನ್ನು ಅಪಹರಿಸಿದನೆಂಬ ಆರೋಪಕ್ಕೆ ಗುರಿಯಾದ ಆರೆನ್ಸ್ ಎಂಬಾತನು, ಮೂಲವೇ ಕ್ವಿಂಬಿಯದೆಂದು ಹೇಳಿಯೂ ಸಾಕ್ಷ್ಯ ತರಲಾರದೆ ಸೋತನು. ಜಾರ್ಜನು ಕೈಬರೆಹಗಳನ್ನು ಹೊರಗೆ ಬಿಡಲಿಲ್ಲ. ಎಡ್ಡಿಯು ಬದುಕಿರುವವರೆಗೆ ಪ್ರಕಟಿಸಕೂಡದೆಂಬುದು ಆತನ ಸಂಕಲ್ಪವಾಗಿತ್ತು. ಆಕೆ 1910ರಲ್ಲಿಯೂ ಆತನು 1915ರಲ್ಲಿಯೂ ತೀರಿಕೊಂಡರು. ಹೊರೇಶಿಯೋ ಡ್ರೆಸರನ ಸಂಪಾದಕತ್ವದಲ್ಲಿ ಗ್ರಂಥವು ಹೊರಬಂದುದು 1921ರಲ್ಲಿ. ಮೂಲಪತ್ರಗಳು ಆ ಬಳಿಕ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿದವು.

ಜಾರ್ಜನ ಪಕ್ಷದಲ್ಲಿಯೂ ಹೇಳತಕ್ಕುದುಂಟು. ಆತನು ಸುಮಾರು 50 ವರ್ಷ ಆ ಕೈಬರೆಹಗಳನ್ನು ಕಾಪಾಡಿದನು. ರೋಗಿಗಳ ಕಾಗದಗಳಲ್ಲಿ ಅವರವರ ಗುಟ್ಟುಗಳಿರುತ್ತವೆ. ಅವನ್ನು ಬೀದಿಯ ಜಗಳಕ್ಕೆ ಎಸೆಯುವುದು ಧರ್ಮವಲ್ಲ. ಆದರೆ ಗುಟ್ಟಿನ ಕಾಗದಗಳನ್ನು ಬೇರೆಯಾಗಿರಿಸಿ, ಉಪದೇಶದ ಬರೆಹಗಳನ್ನು ಯೋಗ್ಯರಾದ ಮಧ್ಯಸ್ಥರಿಗೆ ತೋರಿಸಬಹುದಾಗಿತ್ತಲ್ಲವೆ?

ಮನುವು ಎಣಿಸಿದ 18 ವ್ಯವಹಾರಪದಗಳಲ್ಲಿ ನಿಕ್ಷೇಪವು ಎರಡನೆಯದು. ಇಟ್ಟ ಒಡವೆಯನ್ನು ಇಟ್ಟಂತೆಯೇ ಮರಳಿ ಕೊಡಬೇಕೆಂಬುದು ಅದರ ಸಾರ. ಗುರುವಿನ ಬರೆಹವೂ ಇಂಥ ನಿಕ್ಷೇಪವೇ ಸರಿ. ಇಟ್ಟವನು ತೀರಿಕೊಂಡ ಮೇಲೆ, ಯಾರ ಹಿತಕ್ಕಾಗಿ ಆತನು ಬರೆದನೋ ಅವರೇ ಅದರ ಬಾಧ್ಯಸ್ಥರು. ಕಾವಲುಗಾರನು ಅದನ್ನು ನಾಶಮಾಡಲಾಗದು. ಗುರುವಿನ ಅಕ್ಷರವಾವುದು, ಪ್ರತಿಕಾರರ ತಿದ್ದುಗೆಯಾವುದು ಎಂಬುದನ್ನು ಮರೆಸಲಾಗದು. ಉತ್ತರ ಹೇಳತಕ್ಕವರು ಬದುಕಿರುವಾಗಲೇ ತೆರೆಯದೆ ಇರಲೂ ಆಗದು.

ಈ ಮೂರನೆಯದರಲ್ಲಿ ಜಾರ್ಜನು ತಪ್ಪಿದನು. ಎಡ್ಡಿಯು ಋಣಿಯಾಗಿದ್ದರೆ ಒಪ್ಪಿಕೊಳ್ಳುವ ಸಂದರ್ಭವು ಆಕೆಗೆ ಒದಗಲಿಲ್ಲ. ನಿರ್ದೋಷಿಯಾಗಿದ್ದರೆ ಅಪವಾದವನ್ನು ತೊಳೆದುಕೊಳ್ಳುವ ಸಾಧನವೂ ದೊರೆಯಲಿಲ್ಲ. ಪಿತೃಭಕ್ತಿಯಿಂದಲೇ ಕಾದನೆಂದರೂ, ತಂದೆಯ ಮಾತಿಗೆ ಸಲ್ಲತಕ್ಕ ನ್ಯಾಯವು ಅಷ್ಟು ಕಾಲವೂ ತಡೆಯಿತು. ಕಾಪಾಡುವುದು ಕಾವಲುಗಾರನ ಅರ್ಧ ಧರ್ಮ. ಸಕಾಲದಲ್ಲಿ ಕೈಬಿಡುವುದು ಉಳಿದರ್ಧ.