ದೂರದ ಕೈ

ಕೈ ಎಂಬ ಒಂದಕ್ಷರದ ಮಾತಿಗೆ ನಮ್ಮ ನುಡಿಯಲ್ಲಿ ಇರುವಷ್ಟು ಕೆಲಸ ಮೈಯ ಬೇರಾವ ಅಂಗದ ಹೆಸರಿಗೂ ಇದ್ದಂತೆ ಕಾಣೆ. ಕೆಲಸ ಕೈಗೂಡುತ್ತದೆ, ಪರಿಸ್ಥಿತಿ ಕೈಮೀರುತ್ತದೆ; ಕಷ್ಟದಲ್ಲಿ ಒಬ್ಬ ಕೈಹಿಡಿಯುತ್ತಾನೆ, ಇನ್ನೊಬ್ಬ ಕೈಕೊಡುತ್ತಾನೆ. ಈ ಕೊನೆಯದರಲ್ಲಿ ಕೊಡುವುದೇನೂ ಇಲ್ಲವೆಂದು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ಇವುಗಳ ಗುಂಪಿನಲ್ಲೇ ಕೈವಾಡ ಎಂಬ ಮಾತೊಂದಿದೆ. ನಡೆದ ಕೆಲಸ ಕಣ್ಣಿಗೆ ಕಾಣುತ್ತದೆ, ನಡೆಸಿದ ಕೈ ಕಾಣುವುದಿಲ್ಲ. ಆಗ ನಾವು ಕೈವಾಡವೆನ್ನುತ್ತೇವೆ. ಆ ಮಾತಿನೊಳಗೆ ಸಂಶಯ ಎಂದೋ ಮನೆಮಾಡಿಕೊಂಡಿದೆ. ಅನ್ನಸತ್ರ ಕಟ್ಟಿಸಿದ್ದರಲ್ಲಿ ಇಂಥವರ ಕೈವಾಡವಿದೆ ಎಂದು ಹೊಗಳಿದವರನ್ನು ನಾನು ಕಂಡಿಲ್ಲ.

ಈ ಕಾಣದ ಕೈ ಈಗ ನಮ್ಮ ಮನೆಗಳಿಗೂ ಕಚೇರಿಗಳಿಗೂ ದಿನವೂ ಬಂದು ಹೋಗುತ್ತಿದೆ. ಕಂಪ್ಯೂಟರು ಕೆಟ್ಟರೆ ರಿಪೇರಿಯವನು ಚೀಲ ಹಿಡಿದು ಬಾಗಿಲಿಗೆ ಬರುವ ಕಾಲ ಹಿಂದೆ ಸರಿಯುತ್ತಿದೆ. ಈಗ ಅವನು ಫೋನು ಮಾಡುತ್ತಾನೆ. ಪರದೆಯ ಮೇಲೆ ಕಾಣುವ ಒಂದು ಸಂಖ್ಯೆಯನ್ನು ಓದಿ ಹೇಳಿ ಎನ್ನುತ್ತಾನೆ. ಒಪ್ಪಿಗೆ ಎಂಬಲ್ಲಿ ಒತ್ತಿ ಎನ್ನುತ್ತಾನೆ. ಒತ್ತಿದ ಮರುಗಳಿಗೆಯಲ್ಲಿ ಮೇಜಿನ ಮೇಲಿನ ಮೌಸು ಇದ್ದಲ್ಲೇ ಇರುತ್ತದೆ, ಪರದೆಯ ಮೇಲಿನ ಬಾಣ ಮಾತ್ರ ತಾನೇ ತಾನಾಗಿ ಓಡಾಡತೊಡಗುತ್ತದೆ. ಕಡತಗಳು ತೆರೆಯುತ್ತವೆ, ಮುಚ್ಚುತ್ತವೆ, ಅಕ್ಷರಗಳು ಒಂದರ ಹಿಂದೊಂದು ಮೂಡುತ್ತವೆ. ನಮ್ಮ ಕಾಲೇಜಿನ ಕಚೇರಿಯಲ್ಲಿ ಇದನ್ನು ಮೊದಲ ಸಲ ಕಂಡ ಹಳೆಯ ಜವಾನರೊಬ್ಬರು, “ಮೈಮೇಲೆ ಬಂದ ಹಾಗಿದೆಯಲ್ಲ ಸ್ವಾಮಿ!” ಎಂದರು. ಅದಕ್ಕಿಂತ ಒಪ್ಪುವ ವರ್ಣನೆಯನ್ನು ನಾನು ಈವರೆಗೆ ಕೇಳಿಲ್ಲ.

ಈ ವಿದ್ಯೆ ಒಳ್ಳೆಯದೆ, ಕೆಟ್ಟದ್ದೆ ಎಂದು ಕೇಳುವುದು ಅಂಚೆ ಒಳ್ಳೆಯದೆ, ಕೆಟ್ಟದ್ದೆ ಎಂದು ಕೇಳಿದಂತೆ. 2020ರ ಮಹಾಮಾರಿಯ ತಿಂಗಳುಗಳಲ್ಲಿ ಬಾಗಿಲು ಹಾಕಿದ ಎಷ್ಟೋ ಕಚೇರಿಗಳ ಯಂತ್ರಗಳನ್ನು ಸಿಬ್ಬಂದಿಯವರು ಮನೆಯಲ್ಲಿ ಕುಳಿತು ನಡೆಸಿದ್ದರಿಂದಲೇ ಜನರ ಸಂಬಳ ಸಾರಿಗೆ ನಿಲ್ಲಲಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ, ಅದಕ್ಕಿಂತ ಸಣ್ಣದು. ಹೀಗೆ ಬಂದ ಕೈ ಮಾಡಿದ ಕೆಲಸ ಯಾರದು? ಅದನ್ನು ಬರಗೊಟ್ಟವನು ನಿಜವಾಗಿ ಏನನ್ನು ಕೊಟ್ಟ ಹಾಗಾಯಿತು?

ಇದರ ಹುಟ್ಟಿನ ಕಥೆ ಸ್ವಲ್ಪ ವಿನೋದವಾಗಿದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಶಾಲೆಯಲ್ಲಿ ಟ್ರೋಜನ್ ರೂಮ್ ಎಂಬ ಕೋಣೆಯೊಂದಿತ್ತು. ಅದರ ಬಳಿ ಎಲ್ಲರಿಗೂ ಸೇರಿದ ಕಾಫಿ ಪಾತ್ರೆ. ದೂರದ ಕೋಣೆಗಳವರು ಮೆಟ್ಟಿಲು ಹತ್ತಿಳಿದು ಬಂದು ನೋಡಿದರೆ ಪಾತ್ರೆ ಬರಿದಾಗಿರುತ್ತಿತ್ತು. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಅದರೆದುರಿಗೆ ಕ್ಯಾಮರಾ ನಿಲ್ಲಿಸಿ, ಕಾಫಿ ಇದೆಯೋ ಇಲ್ಲವೋ ಎಂಬುದು ಎಲ್ಲರ ಮೇಜಿನ ಮೇಲೂ ಕಾಣುವಂತೆ ಮಾಡಿದರು. 1993ರಿಂದ 2001ರವರೆಗೆ ಲೋಕದ ಜನವೆಲ್ಲ ಇಂಟರ್ನೆಟ್ಟಿನಲ್ಲಿ ಆ ಕಾಫಿಯನ್ನು ನೋಡುತ್ತಿದ್ದರು. ಕುಡಿಯಲಂತೂ ಆಗದು, ಬರಿಯ ನೋಟ. ಅದೇ ಊರಿನ ಒಲಿವೆಟ್ಟಿ ಸಂಶೋಧನಾಲಯದಲ್ಲಿ, ಅದೇ ಸ್ಟಾಫರ್ಡ್-ಫ್ರೇಸರ್ ಸೇರಿದಂತೆ ನಾಲ್ವರು, ನೋಟಕ್ಕೆ ಕೈಯನ್ನೂ ಜೋಡಿಸಿದರು. 1998ರಲ್ಲಿ ಪ್ರಕಟವಾದ ಅವರ ಲೇಖನದ ಹೆಸರೇ ಆ ಸಾಫ್ಟ್‌ವೇರಿನ ಹೆಸರು: ವರ್ಚುಯಲ್ ನೆಟ್‌ವರ್ಕ್ ಕಂಪ್ಯೂಟಿಂಗ್, ಬಳಕೆಯಲ್ಲಿ ವಿಎನ್‌ಸಿ. ಅದನ್ನು ಅವರು ಮುಚ್ಚಿಡದೆ ಲೋಕಕ್ಕೆ ಹಂಚಿದರು.

ಅದರ ಒಳಗುಟ್ಟು ಆಶ್ಚರ್ಯವಾಗುವಷ್ಟು ಸರಳ. ನನ್ನ ಯಂತ್ರ ತನ್ನ ಪರದೆಯ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿ ದೂರದವನಿಗೆ ಕಳಿಸುತ್ತದೆ. ಬದಲಾದ ಚೌಕವನ್ನು ಮಾತ್ರ ಮತ್ತೆ ಕಳಿಸುತ್ತದೆ. ಅವನ ಕಡೆಯಿಂದ ಬರುವುದು ಎರಡೇ ಸುದ್ದಿ: ಯಾವ ಕೀಲಿ ಒತ್ತಿದೆ, ಬಾಣ ಎಲ್ಲಿದೆ. ಇಷ್ಟೇ. ಯೋಚನೆಗೆ ಎಡೆಕೊಡುವ ಸಂಗತಿ ಇರುವುದು ಈ ಸರಳತೆಯಲ್ಲಿಯೇ. ತಂತಿಯ ಮೇಲೆ ಬಂದ ಒತ್ತಿಗೂ ನನ್ನ ಬೆರಳು ಕೊಟ್ಟ ಒತ್ತಿಗೂ ಕೆಲಸ ಮಾಡುವಾಗ ಯಂತ್ರ ಭೇದವೆಣಿಸುವುದಿಲ್ಲ. ಯಾರು ಯಾವಾಗ ಒಳಗೆ ಬಂದರೆಂದು ಎಲ್ಲಿಯೋ ಒಂದು ಲೆಕ್ಕ ಉಳಿದಿರಬಹುದು. ಆದರೆ ಅಳಿಸಿದ ಕಡತ ಅಳಿಸಿದ್ದೇ, ಕಳಿಸಿದ ಹಣ ಕಳಿಸಿದ್ದೇ. ನಮ್ಮ ವ್ಯಾಕರಣದಲ್ಲಿ ಕರ್ತೃವಿಲ್ಲದ ವಾಕ್ಯಕ್ಕೆ ಕರ್ಮಣಿ ಪ್ರಯೋಗವೆಂಬ ಏರ್ಪಾಡಿದೆ. ಆ ಯಂತ್ರದೊಳಗೆ ನಡೆಯುವುದೆಲ್ಲ ಕರ್ಮಣಿ ಪ್ರಯೋಗವೇ.

ನಮ್ಮ ಹಿರಿಯರು ಈ ಕರ್ತೃವಿನ ತೊಡಕನ್ನು ಯೋಚಿಸದೆ ಬಿಟ್ಟಿಲ್ಲ. ಶಂಕರವಿಜಯದ ಕಾವ್ಯಗಳಲ್ಲಿ ಬರುವ ಪರಕಾಯ ಪ್ರವೇಶದ ಕಥೆ ವಾಚಕರಿಗೆ ಗೊತ್ತೇ ಇದೆ. ಆಚಾರ್ಯರು ತಮ್ಮ ಶರೀರವನ್ನು ಶಿಷ್ಯರ ಕಾವಲಿನಲ್ಲಿಟ್ಟು, ಸತ್ತ ಅಮರುಕ ರಾಜನ ದೇಹವನ್ನು ಹೊಕ್ಕು, ಅರಮನೆಯ ಬಾಳನ್ನು ಕಂಡು ಬರುತ್ತಾರೆ. ಅನಂತರ ಅವರ ಪರಿಶುದ್ಧಿಯ ಪ್ರಶ್ನೆ ಏಳುತ್ತದೆ. ಬೇರೊಂದು ದೇಹದಲ್ಲಿ ಆದದ್ದು ಈ ದೇಹಕ್ಕೆ ಅಂಟುವುದಿಲ್ಲವೆಂಬುದು ಉತ್ತರ. ಆಚಾರ್ಯರಂಥವರಿಗೆ ಆ ಉತ್ತರ ಒಪ್ಪಬಹುದು. ಸಾಮಾನ್ಯನ ಬಾಯಲ್ಲಿ ಅದೇ ಮಾತು ಬಂದರೆ? “ನನ್ನ ಕೈ ಇಲ್ಲಿಯೇ ಇತ್ತು, ಅಲ್ಲಿ ಒತ್ತಿದ್ದು ಅವರ ಯಂತ್ರ” ಎಂದು ಯಾರಾದರೂ ಹೇಳಿಯಾರು. ಕಥೆಯಲ್ಲಿ ನನಗೆ ಮುಖ್ಯವಾಗಿ ತೋರುವ ಅಂಶ ಇನ್ನೊಂದು. ಅಮರುಕನ ದೇಹ ಬರಿದಾಗಿತ್ತು. ನಮ್ಮ ಮೇಜಿನ ಯಂತ್ರದ ಮುಂದೆ ಒಡೆಯ ಜೀವಂತವಾಗಿ ಕುಳಿತಿರುತ್ತಾನೆ, ತನ್ನ ಮನೆಯಲ್ಲಿ ಇನ್ನೊಬ್ಬನು ಓಡಾಡುವುದನ್ನು ನೋಡುತ್ತ. ಒಂದೇ ದೇಹದಲ್ಲಿ ಇಬ್ಬರು ಇರುವಾಗ ಪಾಪಪುಣ್ಯದ ಲೆಕ್ಕ ಹೇಗೆಂಬುದನ್ನು ಆ ಕಾವ್ಯಗಳು ಹೇಳುವುದಿಲ್ಲ.

ಅಮೆರಿಕದ ಫ್ಲಾರಿಡಾ ಪ್ರಾಂತದ ಓಲ್ಡ್ಸ್‌ಮರ್ ಎಂಬ ಸಣ್ಣ ಊರಿನಲ್ಲಿ ಈ ಲೆಕ್ಕ ಒಂದು ದಿನ ಬೀದಿಗೆ ಬಂತು. 2021ರ ಫೆಬ್ರವರಿ 5ರಂದು ಅಲ್ಲಿನ ಕುಡಿಯುವ ನೀರಿನ ಶುದ್ಧೀಕರಣ ಕೇಂದ್ರದಲ್ಲಿ ಕೆಲಸದ ಮೇಲಿದ್ದವನಿಗೆ ತನ್ನ ಪರದೆಯ ಬಾಣ ಚಲಿಸುತ್ತಿರುವುದು ಕಾಣಿಸಿತು. ಬೆಳಿಗ್ಗೆ ಒಮ್ಮೆ ಹಾಗಾದಾಗ ಅವನು ಹೆಚ್ಚೇನೂ ಯೋಚಿಸಲಿಲ್ಲವಂತೆ. ಮೇಲಧಿಕಾರಿಗಳು ದೂರದಿಂದ ಒಳಗೆ ಬಂದು ನೋಡಿಹೋಗುವುದು ಅಲ್ಲಿ ವಾಡಿಕೆ. ಮಧ್ಯಾಹ್ನ ಮತ್ತೆ ಆಯಿತು. ಈ ಸಲ ನೀರಿಗೆ ಬೆರೆಸುವ ಕಾಸ್ಟಿಕ್ ಸೋಡದ ಪ್ರಮಾಣ ಹತ್ತು ಲಕ್ಷ ಪಾಲಿಗೆ 100 ಇದ್ದದ್ದು 11,100ಕ್ಕೆ ಏರಿತು. ಅವನು ಕೂಡಲೇ ಅದನ್ನು ಹಿಂದಕ್ಕೆ ತಂದ, ಯಾರಿಗೂ ಅಪಾಯವಾಗಲಿಲ್ಲ. ದೂರದ ಕಳ್ಳಗೈಯೊಂದು ಊರಿಗೆ ವಿಷವಿಕ್ಕಲು ಬಂದಿತ್ತೆಂದು ಲೋಕವೆಲ್ಲ ಬೆಚ್ಚಿತು. ಎರಡು ವರ್ಷ ಕಳೆದ ಮೇಲೆ, 2023ರಲ್ಲಿ, ಆಗ ಆ ಊರಿನ ಆಡಳಿತ ನೋಡುತ್ತಿದ್ದ ಅಧಿಕಾರಿ ಬೇರೆಯದೇ ಮಾತು ಹೇಳಿದರು: ಹೊರಗಿನವರು ಯಾರೂ ಬಂದಿರಲಿಲ್ಲ, ನೌಕರನೇ ತಪ್ಪಿ ಒತ್ತಿದ್ದಿರಬೇಕು. ಹೊರಗಿನವರ ದಾಳಿಯೆಂಬುದನ್ನು ದೃಢಪಡಿಸಲು ತನ್ನಿಂದ ಆಗಲಿಲ್ಲವೆಂದು ಅಲ್ಲಿನ ಎಫ್‌ಬಿಐ ಕೂಡ ಹೇಳಿತು.

ಶತ್ರುವಿನ ಕೈಯೋ, ಮೇಲಧಿಕಾರಿಯ ಕೈಯೋ, ಕೊನೆಗೆ ತನ್ನದೇ ಕೈಯೋ! ಮೂರರಲ್ಲಿ ಯಾವುದಾದರೂ ಪರದೆಯ ಮೇಲೆ ಒಂದೇ ಬಗೆಯಾಗಿ ಕಾಣುತ್ತದೆ. ಆ ಊರಿನವರು ನಿಜವಾಗಿ ಕಳೆದುಕೊಂಡದ್ದು ಏನು ಎಂದು ಯಾರಾದರೂ ಕೇಳಿದರೆ, ತಪ್ಪು ಮಾಡಿದವನನ್ನು ಬಯ್ಯುವ ಅವಕಾಶವನ್ನು ಎನ್ನಬೇಕು. ಇದು ಸಣ್ಣ ನಷ್ಟವಲ್ಲ. ಬೆಳಿಗ್ಗೆಯ ಆ ಗಳಿಗೆಯೂ ನನ್ನನ್ನು ಬಿಡದು. ದೊಡ್ಡವರ ಕೈ ಕೇಳದೆ ಹೇಳದೆ ಬಂದು ಹೋಗುವ ವಾಡಿಕೆ ಬೆಳೆದಿದ್ದ ಕಡೆ, ‘ನೀವು ಯಾರು?’ ಎಂದು ಕೇಳುವ ಅಭ್ಯಾಸವೇ ಆ ನೌಕರನಿಂದ ಹೊರಟುಹೋಗಿತ್ತು.

ಒಪ್ಪಿಗೆಯ ಮಾತಿಗೆ ಬರೋಣ. ಒಪ್ಪಿಗೆ ಕೊಟ್ಟ ಮೇಲೆ ತಕರಾರೇನು ಎಂದು ಕೇಳುವವರುಂಟು. ನಾನು ಒಪ್ಪಿದ್ದು ಪ್ರಿಂಟರು ಸರಿಮಾಡುವುದಕ್ಕೆ. ಆದರೆ ಆ ಒಂದು ಒತ್ತಿನಿಂದ ಕೊಟ್ಟದ್ದು ಇಡೀ ಮನೆಯನ್ನು. ನಲ್ಲಿ ರಿಪೇರಿಗೆ ಬಂದವನಿಗೆ ಬಚ್ಚಲ ಬಾಗಿಲನ್ನಷ್ಟೇ ತೆರೆಯಬಹುದು. ಇಲ್ಲಿ ಬಚ್ಚಲಿಗೂ ದೇವರ ಮನೆಗೂ ತಿಜೋರಿಗೂ ಒಂದೇ ಬಾಗಿಲು. ಕಳ್ಳರು ಇದನ್ನು ನಮಗಿಂತ ಮೊದಲು ತಿಳಿದರು. ಬ್ಯಾಂಕಿನವರ ದನಿಯಲ್ಲಿ ಮಾತಾಡಿ, ಎನಿಡೆಸ್ಕ್ ಎಂಬ ಸಾಫ್ಟ್‌ವೇರನ್ನು ಜನರ ಫೋನಿಗೆ ಹಾಕಿಸಿ, ಒಂಬತ್ತು ಅಂಕಿಗಳನ್ನು ಹೇಳಿಸಿಕೊಂಡು, ಖಾತೆ ಬರಿದು ಮಾಡುವವರ ಬಗ್ಗೆ 2019ರ ಫೆಬ್ರವರಿಯಲ್ಲಿಯೇ ರಿಸರ್ವ್ ಬ್ಯಾಂಕು ಎಚ್ಚರಿಕೆ ಹೊರಡಿಸಿತು. ಹಣ ಹೋದದ್ದು ಒಡೆಯನದೇ ಫೋನಿನಿಂದ, ಅವನದೇ ಒಪ್ಪಿಗೆಯಿಂದ. ಅಂಥವನನ್ನು ದಡ್ಡನೆಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ನಾನು ಹಾಗೆ ಕರೆಯಲಾರೆ. ಅಪರಿಚಿತನ ಮಾತನ್ನು ನಂಬುವುದು ದಡ್ಡತನವಾದರೆ ಊರುಗಳೇ ಕಟ್ಟುತ್ತಿರಲಿಲ್ಲ.

ಹಿಂದೆ ಹಳ್ಳಿಗಳಲ್ಲಿ ಓದು ಬಾರದವರಿಗೆ ಅಂಚೆಯವನೇ ಕಾಗದ ಓದಿ ಹೇಳುತ್ತಿದ್ದ, ಉತ್ತರವನ್ನೂ ಬರೆದುಕೊಡುತ್ತಿದ್ದ. ಯಾರ ಮಗ ಹಣ ಕಳಿಸುವುದು ನಿಲ್ಲಿಸಿದ, ಯಾರ ಮಗಳು ಗಂಡನ ಮನೆಯಲ್ಲಿ ಅಳುತ್ತಿದ್ದಾಳೆ, ಎಲ್ಲವೂ ಅವನಿಗೆ ಗೊತ್ತು. ಅವನ ಕೈಯೂ ಇನ್ನೊಬ್ಬರ ಮಾತಿನೊಳಗೆ ಹೊಕ್ಕ ಕೈಯೇ. ಅವನನ್ನು ಹದ್ದಿನಲ್ಲಿಟ್ಟದ್ದು ಯಾವುದು? ಮರುದಿನ ಅದೇ ಬೀದಿಯಲ್ಲಿ, ಅದೇ ಮುದುಕಿಯ ಮುಂದೆ, ಅವನು ಸೈಕಲ್ ಇಳಿಯಬೇಕಾಗಿತ್ತು. ದೂರದ ಕೈಗೆ ಆ ಬೀದಿ ಇಲ್ಲ. ಅದರ ಹಿಂದೆ ಇರುವವನು ಬೆಂಗಳೂರಿನ ಯಾವುದೋ ಅಂತಸ್ತಿನಲ್ಲಿ ರಾತ್ರಿ ಪಾಳಿ ಮಾಡುವ, ದಿನಕ್ಕೆ ಹತ್ತಾರು ಅಪರಿಚಿತರ ಯಂತ್ರ ಹೊಕ್ಕು ಬರುವ ಹುಡುಗನಿರಬಹುದು. ಅಂಥ ಕೆಲಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಕೆಲವರಿದ್ದಾರೆ. ಅವರಲ್ಲಿ ಒಬ್ಬ ಹೇಳಿದ ಮಾತು ನೆನಪಿದೆ: “ಸಾರ್, ಕೆಲಸ ಇಲ್ಲದ ಕಡೆ ನಾನು ಬಾಣವನ್ನು ಅಲ್ಲಾಡಿಸೋದಿಲ್ಲ. ಅವರು ನೋಡ್ತಾ ಇರ್ತಾರೆ, ಹೆದರಿಕೊಳ್ತಾರೆ.” ಈ ನಯವನ್ನು ಅವನಿಗೆ ಯಾವ ಪಠ್ಯಪುಸ್ತಕವೂ ಕಲಿಸಿರಲಾರದು.

“ಅವರು ನೋಡ್ತಾ ಇರ್ತಾರೆ” ಎಂಬುದರಲ್ಲಿಯೇ ಬಹಳವಿದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ದೂರದವನು ಒಳಗೆ ಬಂದರೆ ಮೇಜಿನ ಮುಂದಿನ ಪರದೆಗೆ ಬೀಗ ಬೀಳುತ್ತದೆ. ಅದು ತನ್ನ ಯಂತ್ರವನ್ನು ತಾನೇ ದೂರದಿಂದ ಬಳಸುವವನಿಗೆ ಒಪ್ಪುವ ಕ್ರಮ. ನೆರವಿಗೆ ಬರುವ ಕೈಯಾದರೋ ಕಾಣುವಂತೆ ಬರಬೇಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಧ್ಯಾಪಕರು ತಮ್ಮ ಒಂದು ಪರದೆಯಿಂದ ಎಲ್ಲ ಹುಡುಗರ ಪರದೆಗಳನ್ನೂ ನೋಡುವ ಏರ್ಪಾಡಿದೆ. ನಾನು ಗೊಣಗಿದಾಗ ಮಿತ್ರರೊಬ್ಬರು ಹೇಳಿದರು: “ಏನ್ರೀ ಇದರಲ್ಲಿ ತಪ್ಪು? ಪರೀಕ್ಷೆಯಲ್ಲಿ ನೀವು ಬೆಂಚುಗಳ ನಡುವೆ ಓಡಾಡಿ ನೋಡೋದಿಲ್ಲವೆ?” ನೋಡುತ್ತೇನೆ. ಆದರೆ ಆಗ ನನ್ನ ಚಪ್ಪಲಿಯ ಸದ್ದು ಹುಡುಗರಿಗೆ ಕೇಳುತ್ತದೆ. ಸದ್ದಿಲ್ಲದ ಮೇಲ್ವಿಚಾರಣೆ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯದ ಲೋವರ್ ಮೆರಿಯನ್ ಶಾಲಾಮಂಡಲವೇ ಸಾಕ್ಷಿ. ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪು ಕಳುವಾದರೆ ಹುಡುಕಲೆಂದು ಇಟ್ಟಿದ್ದ ಏರ್ಪಾಡು, ಮನೆಯೊಳಗಿನ ಮಕ್ಕಳ ಚಿತ್ರಗಳನ್ನು ಅವರಿಗೆ ತಿಳಿಯದಂತೆಯೇ ತೆಗೆಯಿತು. ಅಂಥ ಚಿತ್ರಗಳು ಸಾವಿರಗಟ್ಟಲೆ. 2010ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಗಿ, ಅದೇ ವರ್ಷ 6,10,000 ಡಾಲರಿಗೆ ರಾಜಿಯಾಯಿತು. ಕಳ್ಳನಿಗೆಂದು ಇಟ್ಟ ಕಣ್ಣು ಮಗುವಿನ ಮಲಗುವ ಕೋಣೆಗೆ ತಿರುಗಿದ್ದಕ್ಕೆ ದುಷ್ಟತನವೇ ಬೇಕಾಗಲಿಲ್ಲ, ಕೇಳುವವರಿಲ್ಲದಿದ್ದುದೇ ಸಾಕಾಯಿತು ಎಂದು ನನ್ನ ಎಣಿಕೆ.

ಇವೆಲ್ಲ ಪರರ ನಡುವಿನ ಮಾತು. ಪ್ರೀತಿಯವರ ನಡುವೆ ಈ ಕೈ ಬಂದಾಗ ನನಗೆ ಉತ್ತರ ಇನ್ನೂ ಕಷ್ಟವಾಗುತ್ತದೆ. ನನಗೆ ಪಾಠ ಹೇಳಿದ ಹಿರಿಯರೊಬ್ಬರು ಮೈಸೂರಿನಲ್ಲಿದ್ದಾರೆ, ಒಬ್ಬರೇ. ಮಗಳು ಅಮೆರಿಕದಲ್ಲಿ. ಇಲ್ಲಿ ಭಾನುವಾರ ಬೆಳಿಗ್ಗೆ, ಅಲ್ಲಿ ಶನಿವಾರ ರಾತ್ರಿ, ಅವಳು ತಂದೆಯ ಕಂಪ್ಯೂಟರೊಳಗೆ ಬಂದು ಪಿಂಚಣಿಯ ಕಾಗದ, ವಿದ್ಯುತ್ ಬಿಲ್ಲು, ಬೇಡದ ಕಡತಗಳು ಎಲ್ಲವನ್ನೂ ಓರಣ ಮಾಡಿ ಹೋಗುತ್ತಾಳೆ. “ಅವಳು ಬಂದು ಮನೆ ಗುಡಿಸಿ ಹೋದ ಹಾಗಿರುತ್ತೆ ಕಣಯ್ಯ” ಎನ್ನುತ್ತಿದ್ದರು. ಹೋದ ವರ್ಷ ಒಂದು ದಿನ ಹೋದಾಗ ಬೇರೆ ಮಾತು ಬಂತು. ತೀರಿಕೊಂಡ ಪತ್ನಿಯನ್ನು ಕುರಿತು ಅವರು ಏನೋ ಬರೆಯುತ್ತಿದ್ದಾರೆ. ಅದರಲ್ಲಿ ಮಗಳಿಗೆ ತಿಳಿಯದ ಸಂಗತಿಗಳಿವೆ. ತಿಳಿಯಬಾರದೆಂದೇನೂ ಇಲ್ಲ, ತಾವು ಇರುವಾಗ ಬೇಡವೆಂದಷ್ಟೆ. ಆ ಭಾನುವಾರ ಅವರು ಕಾಫಿಗೆಂದು ಎದ್ದು ಹೋಗಿ ಬರುವಷ್ಟರಲ್ಲಿ ಆ ಕಡತ ಬೇರೊಂದು ಫೋಲ್ಡರಿಗೆ ಹೋಗಿತ್ತು, ಅಚ್ಚುಕಟ್ಟಾಗಿ.

“ತೆಗೆದು ನೋಡಿದಳೋ, ಹೆಸರು ನೋಡಿ ಎತ್ತಿಟ್ಟಳೋ ಗೊತ್ತಿಲ್ಲ” ಎಂದರು.

“ಕೇಳಬಹುದಲ್ಲ ಸಾರ್?”

“ಕೇಳಿದರೆ ಅದರಲ್ಲಿ ಏನೋ ಇದೆ ಅಂತ ಹೇಳಿದ ಹಾಗಾಗುತ್ತಲ್ಲಯ್ಯ.”

ಪಾಸ್‌ವರ್ಡಿನ ಉಪಾಯ ಹೇಳಿದೆ. ಆ ಒಂದು ಕಡತಕ್ಕೆ ಬೀಗ ಹಾಕಬಹುದು, ಅಥವಾ ಅದನ್ನು ಬೇರೆ ಡ್ರೈವಿಗೆ ಹಾಕಿ ಕಪಾಟಿನಲ್ಲಿಡಬಹುದು, ನಾನೇ ಮಾಡಿಕೊಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀಗ ಅವಳ ಕಣ್ಣಿಗೆ ಬೀಳುವುದಿಲ್ಲವೆ ಎಂದು ಕೇಳಿದರು. ಬೀಳುತ್ತದೆ ಎಂದೆ. ಹಾಗಾದರೆ ಬೇಡ ಎಂದರು.

ಬರಹ ಈಗ ಡ್ರಾಯರಿನೊಳಗಿನ ನೂರು ಹಾಳೆಯ ನೋಟುಬುಕ್ಕಿನಲ್ಲಿ ಮುಂದುವರಿದಿದೆ. ಹಳೆಯ ಕಡತವನ್ನು ಅವರು ಅಳಿಸಿಲ್ಲ. ಮಗಳು ಇಟ್ಟ ಜಾಗದಲ್ಲಿಯೇ ಬಿಟ್ಟಿದ್ದಾರೆ. ಮೊನ್ನೆ ಭಾನುವಾರ ನಾನು ಹೋದಾಗ ಕನ್ನಡಕ ಹಣೆಗೇರಿಸಿ, ಪರದೆಯ ಹತ್ತಿರ ಬಗ್ಗಿ, ಫೋನಿನಲ್ಲಿ ಅವಳಿಗೆ ಅಂಕಿಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಕಾಫಿ ಬೇಕಾದರೆ ನೀನೇ ಮಾಡಿಕೋ ಎಂದು ಕೈಸನ್ನೆಯಲ್ಲಿ ನನಗೆ ತಿಳಿಸಿದರು.