ಅದ್ಭುತಕಥೆಯಲ್ಲಿ ಮೇಲು ಕೀಳು

ಆಂಗ್ಲ ಸಾಹಿತ್ಯದ ವಿಮರ್ಶಕರು ಅದ್ಭುತಕಥೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸುವುದುಂಟು. ಒಂದಕ್ಕೆ ‘ಹೈ ಫ್ಯಾಂಟಸಿ’, ಎಂದರೆ ಮೇಲಣ ಅದ್ಭುತವೆಂದು ಹೆಸರು. ಇನ್ನೊಂದಕ್ಕೆ ‘ಲೋ ಫ್ಯಾಂಟಸಿ’, ಎಂದರೆ ಕೆಳಗಣ ಅದ್ಭುತವೆಂದು ಹೆಸರು. ಅಮೆರಿಕದ ಲೇಖಕನಾದ ಲಾಯ್ಡ್ ಅಲೆಕ್ಸಾಂಡರನು ೧೯೭೧ರಲ್ಲಿ ಮೊದಲನೆಯ ವರ್ಗವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದನು. ಈ ಹೆಸರುಗಳನ್ನು ಕೇಳಿದೊಡನೆಯೇ ಮೊದಲನೆಯದು ಉತ್ತಮ, ಎರಡನೆಯದು ಅಧಮ ಎಂಬ ಭಾವನೆ ವಾಚಕರಲ್ಲಿ ಹುಟ್ಟುವುದು ಸಹಜ. ಆದರೆ ಇಲ್ಲಿಯ ಮೇಲು ಕೀಳು ಗುಣದ ತಾರತಮ್ಯವಲ್ಲ. ಅದ್ಭುತವು ನೆಲೆಸಿರುವ ಸ್ಥಳದ ಭೇದ.

ಮೇಲಣ ಅದ್ಭುತದಲ್ಲಿ ಗ್ರಂಥಕರ್ತನು ಬೇರೊಂದು ಲೋಕವನ್ನೇ ಸೃಷ್ಟಿಸುತ್ತಾನೆ. ಆ ಲೋಕಕ್ಕೆ ತನ್ನವೇ ಆದ ಬೆಟ್ಟಹೊಳೆಗಳೂ ರಾಜವಂಶಗಳೂ ಭಾಷೆಗಳೂ ಪುರಾತನ ಚರಿತ್ರೆಯೂ ಇರುತ್ತವೆ. ಇಲ್ಲಿ ಬೆಂಕಿ ಸುಡುವುದು ಹೇಗೆ ಸಹಜವೋ ಅಲ್ಲಿ ಮಂತ್ರ ಫಲಿಸುವುದು ಹಾಗೆಯೇ ಸಹಜ. ಕೆಳಗಣ ಅದ್ಭುತದಲ್ಲಾದರೋ ಲೋಕವು ಇದೇ. ಬಾಡಿಗೆಯೂ ಚಳಿಯೂ ಪೊಲೀಸಿನವರೂ ಇರುವ ಲೋಕ. ಅದರೊಳಕ್ಕೆ ಎಂದೂ ನಡೆಯಲಾರದ ಸಂಗತಿಯೊಂದು ನುಗ್ಗುತ್ತದೆ. ಅಲ್ಲಿ ಅದ್ಭುತವೇ ನಿಯಮ. ಇಲ್ಲಿ ಅದು ಅಪವಾದ.

ಈ ಭೇದಕ್ಕೆ ನೀತಿಯ ದೃಷ್ಟಿಯಿಂದ ಏನಾದರೂ ಅರ್ಥವಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಒಂದೇ ಅದ್ಭುತವು ಎರಡು ಬಗೆಯ ಕಥೆಗಳಲ್ಲಿಯೂ ಬಂದಿರುವ ಕಡೆ ಇದನ್ನು ಪರೀಕ್ಷಿಸುವುದು ಸುಲಭ. ಅದೃಶ್ಯನಾಗುವ ಶಕ್ತಿಯು ಅಂಥದೊಂದು. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸ್ ದೇಶದ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗ್ಲೌಕನನ ಬಾಯಿಂದ ಒಂದು ಕಥೆಯನ್ನು ಹೇಳಿಸಿದ್ದಾನೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ಒಂದು ಉಂಗುರ ದೊರೆಯಿತು. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಆ ಬಲದಿಂದ ಅವನು ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು, ರಾಜ್ಯವನ್ನು ಕಸಿದುಕೊಂಡನು. ಇಂಥ ಉಂಗುರವು ಸಜ್ಜನನ ಕೈಗೆ ಸಿಕ್ಕಿದ್ದರೆ ಅವನೂ ಹಾಗೆಯೇ ಮಾಡುತ್ತಿರಲಿಲ್ಲವೇ? ಗ್ಲೌಕನನ ಪ್ರಶ್ನೆ ಇದು.

ಈ ಪ್ರಶ್ನೆಯನ್ನೇ ಎಚ್. ಜಿ. ವೆಲ್ಸನ ‘ದಿ ಇನ್‌ವಿಸಿಬಲ್ ಮ್ಯಾನ್’ (೧೮೯೭) ಈ ಲೋಕಕ್ಕೆ ತಂದು ನಿಲ್ಲಿಸಿತು. ಅದರ ನಾಯಕ ಗ್ರಿಫಿನ್ನನು ರಸಾಯನವಿದ್ಯೆಯಿಂದ ಅದೃಶ್ಯನಾದನೆಂದು ಹೇಳಿದ್ದರೂ ಆ ವಿದ್ಯೆಯು ಅದ್ಭುತವನ್ನು ಒಳಗೆ ಬಿಡುವ ಬಾಗಿಲು ಮಾತ್ರ. ಉಳಿದುದೆಲ್ಲವೂ ದಿನನಿತ್ಯದ ಇಂಗ್ಲೆಂಡು. ಬಟ್ಟೆ ತೊಟ್ಟರೆ ಬಟ್ಟೆ ಕಾಣುತ್ತದೆ. ಆದುದರಿಂದ ಅವನು ಚಳಿಯಲ್ಲಿ ಬೆತ್ತಲೆಯಾಗಿ ಅಲೆಯಬೇಕು. ತಿಂದ ರೊಟ್ಟಿ ಜೀರ್ಣವಾಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ನಾಯಿ ವಾಸನೆ ಹಿಡಿಯುತ್ತದೆ. ಕೆಸರು ಹೆಜ್ಜೆಯನ್ನು ತೋರಿಸುತ್ತದೆ. ಸಾಮ್ರಾಟನಾಗಬೇಕೆಂದು ಹೊರಟವನು ಹಳ್ಳಿಯ ಛತ್ರದಲ್ಲಿ ಬಾಡಿಗೆಯ ಬಾಕಿಗಾಗಿ ಜಗಳವಾಡುತ್ತಾನೆ. ಕಟ್ಟಕಡೆಗೆ ಜನರ ಗುಂಪಿನ ಕೈಯಲ್ಲಿ ಸತ್ತು, ಸತ್ತಮೇಲೆಯೇ ಕಣ್ಣಿಗೆ ಕಾಣಿಸಿಕೊಳ್ಳುತ್ತಾನೆ. ಲೋಕದ ಅತಿ ಸಾಮಾನ್ಯವಾದ ಸಂಗತಿಗಳೇ ಅವನನ್ನು ಸೋಲಿಸಿದವು.

ಜೆ. ಆರ್. ಆರ್. ಟಾಲ್ಕೀನನ ಉಂಗುರವು ೧೯೩೭ರ ‘ದಿ ಹಾಬಿಟ್’ನಲ್ಲಿ ಮೊದಲು ಕಾಣಿಸಿಕೊಂಡು, ೧೯೫೪-೫೫ರಲ್ಲಿ ಪ್ರಕಟವಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಲೋಕದ ಅಳಿವು ಉಳಿವುಗಳಿಗೆ ಕಾರಣವಾಗುತ್ತದೆ. ಅಲ್ಲಿ ಧರಿಸಿದವನು ಮನುಷ್ಯರ ಕಣ್ಣಿಗೆ ಮರೆಯಾಗುತ್ತಾನೆ. ಆದರೆ ಶತ್ರುವಿನ ಸೇವಕರಾದ ಪ್ರೇತಗಳಿಗೆ ಅಷ್ಟಕ್ಕಷ್ಟು ಸ್ಪಷ್ಟವಾಗಿ ಗೋಚರನಾಗುತ್ತಾನೆ. ಇಲ್ಲಿ ನಾಯಿಯೂ ಕೆಸರೂ ಮಾಡಿದ ಕೆಲಸವನ್ನು ಅಲ್ಲಿ ಲೋಕದ ಧರ್ಮವೇ ಮಾಡುತ್ತದೆ. ಗ್ಲೌಕನನ ಪ್ರಶ್ನೆಗೂ ಅಲ್ಲಿ ಉತ್ತರವುಂಟು. ಜ್ಞಾನಿಯಾದ ಗ್ಯಾಂಡಾಲ್ಫನು ಉಂಗುರವನ್ನು ಮುಟ್ಟಲು ಒಪ್ಪುವುದಿಲ್ಲ, ತನ್ನ ಸದುದ್ದೇಶವೇ ತನ್ನನ್ನು ಕೆಡಿಸೀತೆಂದು. ಅದನ್ನು ನಾಶಮಾಡಲು ಹೊತ್ತು ನಡೆದ ಫ್ರೋಡೋ ಕೊನೆಯ ಗಳಿಗೆಯಲ್ಲಿ ಅದು ತನ್ನದೆನ್ನುತ್ತಾನೆ. ಆಗ ಲೋಕವನ್ನು ಉಳಿಸಿದುದು ಅವನ ಶೌರ್ಯವಲ್ಲ. ಗಾಲಮ್ಮನೆಂಬ ಹೀನಪ್ರಾಣಿಯನ್ನು ಕೊಲ್ಲಬಹುದಾಗಿದ್ದಾಗ ಕೊಲ್ಲದೆ ಬಿಟ್ಟ ದಯೆ. ಆ ಗಾಲಮ್ಮನೇ ಉಂಗುರವನ್ನು ಕಿತ್ತುಕೊಂಡು ಅದರೊಡನೆ ಬೆಂಕಿಗೆ ಬೀಳುತ್ತಾನೆ.

ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಭೇದದ ಮರ್ಮ ತಿಳಿಯುತ್ತದೆ. ಮೇಲಣ ಅದ್ಭುತವು ಶಕ್ತಿಯನ್ನು ಏನು ಮಾಡಬೇಕೆಂದು ಕೇಳಿ, ತ್ಯಾಗದ ಘನತೆಯನ್ನು ತೋರಿಸುತ್ತದೆ. ಕೆಳಗಣ ಅದ್ಭುತವು ಶಕ್ತಿ ಕೈಸೇರಿದ ಮನುಷ್ಯನು ನೆರೆಹೊರೆಯವರೊಡನೆ ಹೇಗೆ ಬಾಳುತ್ತಾನೆಂದು ಕೇಳಿ, ಅವನ ಒಂಟಿತನವನ್ನು ತೋರಿಸುತ್ತದೆ. ಎರಡಕ್ಕೂ ಅವುಗಳದೇ ಆದ ಅಪಾಯಗಳುಂಟು. ಮೊದಲನೆಯದನ್ನೇ ಓದುವವನಿಗೆ ದುಷ್ಟತನವು ದೂರದ ಯಾವುದೋ ಕರಿಯ ಗೋಪುರದಲ್ಲಿದೆ, ಧರ್ಮಕ್ಕೆ ಮಹಾಯುದ್ಧವೇ ಬೇಕು ಎಂಬ ಭ್ರಮೆ ಹುಟ್ಟಬಹುದು. ಎರಡನೆಯದನ್ನೇ ಓದುವವನಿಗೆ ಮನುಷ್ಯನಲ್ಲಿ ಕ್ಷುದ್ರತೆಯ ಹೊರತು ಬೇರೇನೂ ಇಲ್ಲವೆಂಬ ನಿರಾಶೆ ಹುಟ್ಟಬಹುದು. ಒಂದರ ದೋಷಕ್ಕೆ ಮತ್ತೊಂದು ಮದ್ದು.

ಇಂಥ ಕಥೆಗಳು ಮಕ್ಕಳನ್ನು ಸಂಸಾರದ ಕರ್ತವ್ಯಗಳಿಂದ ವಿಮುಖರನ್ನಾಗಿ ಮಾಡುತ್ತವೆ ಎಂಬ ಆಕ್ಷೇಪಣೆ ಮನೆಮನೆಯಲ್ಲಿಯೂ ಕೇಳಿಬರುವಂಥದು. ೧೯೩೯ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದ ವಿಸ್ತೃತರೂಪವನ್ನು ಟಾಲ್ಕೀನನು ೧೯೪೭ರಲ್ಲಿ ಪ್ರಕಟಿಸಿದನು. ಸೆರೆಯಾಳು ಬಿಡುಗಡೆಯನ್ನು ಬಯಸುವುದೂ ಸೈನಿಕನು ರಣದಿಂದ ಓಡಿಹೋಗುವುದೂ ಒಂದೇ ಅಲ್ಲವೆಂದು ಅವನು ಅದರಲ್ಲಿ ವಾದಿಸಿದ್ದಾನೆ. ಈ ಮಾತು ಯುಕ್ತವಾದುದೇ, ಆದರೆ ಪೂರ್ಣವಾದುದಲ್ಲ. ಓದುವವನು ಸೆರೆಯಾಳೋ ಓಡಿಹೋದ ಸೈನಿಕನೋ ಎಂಬುದು ಅವನು ಪುಸ್ತಕವನ್ನು ಮುಚ್ಚಿದ ಮೇಲೆ ಏನು ಮಾಡುತ್ತಾನೆ ಎಂಬುದರಿಂದ ಗೊತ್ತಾಗಬೇಕು.

ಭಾರತೀಯ ಆಲಂಕಾರಿಕರು ವಿಸ್ಮಯವನ್ನು ಅದ್ಭುತರಸದ ಸ್ಥಾಯಿಭಾವವೆಂದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದನು. ಈ ಎರಡು ಮಾತುಗಳನ್ನು ಕೂಡಿಸಿಕೊಂಡರೆ ಅದ್ಭುತಕಥೆಯ ತೂಕವನ್ನು ಅಳೆಯುವ ತಕ್ಕಡಿ ದೊರೆಯುತ್ತದೆ. ವಿಸ್ಮಯವಿದ್ದು ಔಚಿತ್ಯವಿಲ್ಲದ ಕಡೆ ಏನು ಬೇಕಾದರೂ ನಡೆಯಬಹುದು. ಏನು ಬೇಕಾದರೂ ನಡೆಯಬಹುದಾದ ಕಡೆ ಯಾವ ಕರ್ಮಕ್ಕೂ ಫಲವಿಲ್ಲ. ಕೇಳಿದಾಗಲೆಲ್ಲ ವರವನ್ನು ಕೊಟ್ಟು, ಅದರ ಬೆಲೆಯನ್ನು ಯಾರಿಂದಲೂ ಕೇಳದ ಕಥೆಯು ಯಾವ ಲೋಕದಲ್ಲಿ ನಡೆದರೂ ಕೀಳೇ. ಬೆಲೆಯನ್ನು ಮರೆಮಾಚದ ಕಥೆಯು ಹಳ್ಳಿಯ ಛತ್ರದಲ್ಲಿ ನಡೆದರೂ ಮೇಲಿನದೇ. ಮಕ್ಕಳ ಕೈಗೆ ಪುಸ್ತಕವನ್ನು ಕೊಡುವ ಹಿರಿಯರು ಅದರಲ್ಲಿ ಮಂತ್ರವಿದೆಯೋ ಇಲ್ಲವೋ ಎಂದು ನೋಡಬೇಕಾದುದಿಲ್ಲ. ಆ ಮಂತ್ರದ ಋಣವನ್ನು ತೀರಿಸಿದವರು ಯಾರು ಎಂದು ನೋಡಿದರೆ ಸಾಕು.